ಬಾಯಿಮಾತು ಸಾಲದು, ಬರೆಸಿಕೊಳ್ಳಿ

ಮಂಗಳೂರಿನ ಮಾಲ್ ಒಂದರಲ್ಲಿ ತುಂಬಿ ಹಾಕಿದ ಚೀಟಿಗೆ ಬಹುಮಾನ ಬಂದಿದೆಯೆಂದು ನಿಮಗೆ ಫೋನ್ ಬರುತ್ತದೆ. ಗಂಡ ಹೆಂಡತಿ ಜೊತೆಯಾಗಿಯೇ ಹೋಟೆಲಿಗೆ ಬರಬೇಕಂತೆ. ಅಲ್ಲಿ ಚಹಾ ಕೊಟ್ಟು, ಇಪ್ಪತ್ತೈದು ವರ್ಷಗಳ ಕಾಲ ವರ್ಷಕ್ಕೊಂದು ವಾರ ಊಟಿ, ಗೋವಾಗಳಲ್ಲಿ ವಾಸ್ತವ್ಯವೆನ್ನುತ್ತಾರೆ. ಬೇಕೆಂದಾಗ ಕೋಣೆ, ಬೇಡವೆಂದರೆ ಹಣ ವಾಪಸು. ಆದರೆ ಸಹಿ ಇಂದೇ ಆಗಬೇಕು!

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತೆಂದು ಬಲ್ಲಿರಾ? ನಮಾಝ್, ಉಪವಾಸಗಳ ಕುರಿತಲ್ಲ. ಅಲ್‌ಬಕರ ಅಧ್ಯಾಯದ ಆ 282ನೇ ಸೂಕ್ತವು ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಲು, ಸಾಕ್ಷಿಗಳನ್ನಿರಿಸಲು ಆದೇಶಿಸುತ್ತದೆ. ಮೊತ್ತ ಸಣ್ಣದಿದ್ದರೂ ಬರೆಯಲು ಬೇಸರಿಸಬಾರದು. ಕೈಯಿಂದ ಕೈಗೆ ನಡೆಯುವ ವ್ಯಾಪಾರಕ್ಕೆ ಮಾತ್ರ ರಿಯಾಯಿತಿ. ಬಂದರಿನ ಅಂಗಡಿಯಲ್ಲಿ ಅಕ್ಕಿ ಕೊಂಡಂತಲ್ಲ ಇಪ್ಪತ್ತೈದು ವರ್ಷಗಳ ಈ ಭರವಸೆ. "ಬರೆದು ಕೊಡಿ" ಎನ್ನಲು ನಮಗೆ ಸಂಕೋಚ. ನಂಬಿಕೆಯಿಲ್ಲವೆಂದು ತಿಳಿದಾರೆಂಬ ಅಳುಕು. ವಿಶ್ವಾಸಿಗಳನ್ನೇ ಕರೆದು ಅಲ್ಲಾಹನು ಬರೆಯಲು ಹೇಳಿರುವಾಗ ಅಳುಕೇಕೆ?

ಮೊದಲು ಕಂತಿನಲ್ಲಿ ಬಡ್ಡಿ ಅಡಗಿದೆಯೇ ಎಂದು ಕೇಳಿರಿ. ಇದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಇಲ್ಲದಿದ್ದರೆ ವಾರ್ಷಿಕ ನಿರ್ವಹಣಾ ಶುಲ್ಕವೆಷ್ಟು, ಅದು ಹೇಗೆ ಏರುತ್ತದೆ, ಶಾಲಾ ರಜೆಯಲ್ಲಿ ಕೋಣೆ ಸಿಗದಿದ್ದರೇನು, ರದ್ದುಪಡಿಸಿದರೆ ಎಷ್ಟು ಕಡಿತ ಎಂಬುದನ್ನೆಲ್ಲ ಬರೆಸಿ, ಕಂಪೆನಿಯ ಸಹಿ ಮೊಹರು ಹಾಕಿಸಿರಿ. ಒಪ್ಪಂದವನ್ನು ಮನೆಗೆ ತಂದು ಓದಿರಿ. ಈಗಾಗಲೇ ಮೋಸ ಹೋದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿಯೂ ಕಾಗದವೇ ನಿಮ್ಮ ಬಲ.

ಈ ಮಾರಾಟದ ಕೆಲಸದಲ್ಲಿ ನಮ್ಮ ಯುವಕರೂ ಇದ್ದಾರಲ್ಲ, ಅವರಿಗೂ ಒಂದು ಮಾತು. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒದ್ದೆ ತಾಗಿತು. ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ನಿರ್ವಹಣಾ ಶುಲ್ಕವನ್ನು ಚಹಾದ ಮೊದಲೇ ಹೇಳಿಬಿಡಿ.