ನೆಲಕ್ಕೆ ಬಿದ್ದ ಸೂರ್ಯ

ಕಾಡಿನ ಕಾಲುದಾರಿಯ ಮೇಲೆ ಬೀಳುವ ಬಿಸಿಲು ಏಕೆ ದುಂಡಗಿರುತ್ತದೆ ಎಂದು ನಾನು ಕೇಳಿಕೊಂಡದ್ದು ಜಲವರ್ಣ ಹಿಡಿದ ಮೇಲೆಯೇ. ಅಲ್ಲಿಯವರೆಗೆ ಆ ಪ್ರಶ್ನೆಯ ಅಗತ್ಯವೇ ಇರಲಿಲ್ಲ. ಜಲವರ್ಣದಲ್ಲಿ ಹಾಳೆಯ ಬಿಳುಪೇ ಬಿಸಿಲು. ಅದರ ಮೇಲೆ ಹಸಿರು ಒಮ್ಮೆ ಹರಿಯಿತೋ, ಆಮೇಲೆ ಬಿಳಿ ಬಣ್ಣ ಮೆತ್ತಿದರೂ ಸುಣ್ಣದ ಕಲೆಯಂತೆ ಕೂರುತ್ತದೆ, ಹೊಳೆಯುವುದಿಲ್ಲ. ಹಾಗಾಗಿ ಎಲ್ಲಿ, ಯಾವ ಆಕಾರದಲ್ಲಿ ಹಾಳೆ ಉಳಿಸಬೇಕೆಂದು ಬ್ರಷ್ ಒದ್ದೆ ಮಾಡುವ ಮೊದಲೇ ತೀರ್ಮಾನಿಸಬೇಕು.

ಮಲೆನಾಡಿನ ದಾರಿಯಲ್ಲಿ ಕೂತರೆ ಕಣ್ಣು ಮೊದಲು ಎಲೆಗಳತ್ತ ಹೋಗುತ್ತದೆ. ಬೆಳಕು ಎಲೆಗಳ ಸಂದಿಯಿಂದ ಬರುತ್ತದೆಂದು ಗೊತ್ತಲ್ಲ, ಕೈ ತಾನಾಗಿ ಸಂದಿಯ ಆಕಾರದ ಚೂಪು ಚೂರುಗಳನ್ನೇ ಬಿಡತೊಡಗುತ್ತದೆ. ನೆಲದಲ್ಲಿರುವುದು ಮಾತ್ರ ದುಂಡು ಬಿಲ್ಲೆಗಳು. ಸಂದಿ ಮುಕ್ಕೋನವೋ ಸೀಳೋ, ಸಾಕಷ್ಟು ಸಣ್ಣದಿದ್ದರೆ ಸೂಜಿರಂಧ್ರದ ಕ್ಯಾಮೆರಾ ಆಗುತ್ತದೆ. ಒಂದೊಂದು ಬಿಲ್ಲೆಯೂ ಸೂರ್ಯನ ಬಿಂಬ. ಗ್ರಹಣ ಹಿಡಿದಾಗ ಅವೂ ಕುಡುಗೋಲಾಗಿ ಬಾಗುವುದು ಅದಕ್ಕೇ. 2019ರ ಡಿಸೆಂಬರ್ 26ರಂದು ಮಂಗಳೂರಿನಿಂದ ಕಂಡದ್ದು ಕಂಕಣ ಗ್ರಹಣ. ಅಂಥ ಹೊತ್ತಿನಲ್ಲಿ ಮರದಡಿಯ ಬಿಲ್ಲೆಗಳೂ ಉಂಗುರಗಳಾಗುತ್ತವೆ.

ಇನ್ನು ಗಾತ್ರ. ನಡುನೆತ್ತಿಯ ಬಿಸಿಲಲ್ಲಿ ಬಿಲ್ಲೆಯ ಅಗಲ, ಸಂದಿಯ ಎತ್ತರದ ಸುಮಾರು 108ನೇ ಒಂದು ಪಾಲು. 20 ಮೀಟರ್ ಮೇಲಿನ ಸಂದಿಯಿಂದ ಇಳಿದದ್ದು ಹತ್ತಿರ ಹತ್ತಿರ 18 ಸೆಂಟಿಮೀಟರ್, ಅಂಚು ಮಸುಕು. ಕೈಗೆಟಕುವ ಕೊಂಬೆಯದು ಎರಡು ಸೆಂಟಿಮೀಟರ್, ಅಂಚು ಚುರುಕು. ದೊಡ್ಡದಕ್ಕೆ ಅಂಚನ್ನು ನೀರಿನ ಬ್ರಷ್ಷಿನಿಂದ ಸವರಿ ಕರಗಿಸಿ, ಚಿಕ್ಕದನ್ನು ಗಟ್ಟಿಯಾಗಿ ಬಿಟ್ಟರೆ, ಚಿತ್ರದೊಳಗೆ ಬರದೇ ಇರುವ ಮರಗಳ ಎತ್ತರವೂ ದಾರಿಯ ಮೇಲೆ ಬಂದುಬಿಡುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಕಾಡನ್ನು ತೋರಿಸಲು ಕಾಡನ್ನೆಲ್ಲ ಬರೆಯಬೇಕಿಲ್ಲ, ತಲೆ ತಗ್ಗಿಸಿ ನೆಲ ನೋಡಿದರಾಯಿತು.

ದಾರಿಯೂ ಹಾಗೆಯೇ. ದೂರ ಹೋದಂತೆ ಕೂಡುವ ಎರಡು ಗೆರೆ ಎಳೆಯುವುದು ಶಾಲೆಯ ಕ್ರಮ. ಬೆಳಗಿನ ಓರೆ ಬಿಸಿಲಲ್ಲಿ ಬಿಲ್ಲೆಗಳು ಉದ್ದವಾಗುತ್ತವೆ, ಬೇರಿನ ಮೇಲೆ ಏರುತ್ತವೆ, ಗಾಡಿ ಜಾಡಿನಲ್ಲಿ ಬಾಗುತ್ತವೆ. ಅವು ಬಾಗಿದಲ್ಲೆಲ್ಲ ನೆಲ ಬಾಗಿದೆ. ಗೆರೆಯ ಹಂಗು ಅಷ್ಟಕ್ಕೇ ತಪ್ಪುತ್ತದೆ. (ಮಳೆಗಾಲದಲ್ಲಿ ಬಿಲ್ಲೆಯೂ ಇಲ್ಲ, ಹಾಳೆಯೂ ಒಣಗುವುದಿಲ್ಲ, ಆ ಬೆಳಕಿನ ಲೆಕ್ಕವೇ ಬೇರೆ.) ನೆರಳಿಗೆ ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ ಎರಡೇ ಸಾಕು: ತರಗೆಲೆ ಕಡೆ ಕಂದು, ಆಕಾಶ ಕಾಣುವ ಕಡೆ ನೀಲಿ.

ಹೊಸದಾಗಿ ಕಾಡು ಬರೆಯಹೊರಟವರು ಬಿಳಿ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗಿ. ಪೆನ್ಸಿಲಿನಲ್ಲಿ ಮೊದಲು ಬಿಲ್ಲೆಗಳನ್ನಷ್ಟೇ ಗುರುತು ಮಾಡಿಕೊಳ್ಳಿ; ಅರ್ಧ ಗಂಟೆಯಲ್ಲಿ ಅವು ಜಾಗ ಬದಲಿಸಿರುತ್ತವೆ.