ಕಾವಲಿಗೆ ನಿಂತವನಿಗೆ ಸಲ್ಲತಕ್ಕ ಮಾನ



ಜಾತ್ರೆಯ ದಿವಸ ತೇರಿನ ಮುಂದೆ ಜನರನ್ನು ಹಿಂದಕ್ಕೆ ಸರಿಸುತ್ತಾ ಬಿಸಿಲಲ್ಲಿ ನಿಂತಿರುವ ಖಾಕಿಯವನನ್ನು ನಾವು ಪೊಲೀಸಿನವನೆಂದೇ ಎಣಿಸುತ್ತೇವೆ. ಆದರೆ ಅನೇಕ ಸಾರಿ ಅವನು ಪೊಲೀಸಿನವನಲ್ಲ. ಗೃಹರಕ್ಷಕ ದಳಕ್ಕೆ ತಾನಾಗಿಯೇ ಹೆಸರು ಕೊಟ್ಟ ರೈತನು, ಕೂಲಿಕಾರನು, ಇಲ್ಲವೆ ಅಂಗಡಿಯವನು. ಖಟಕ ಚಿಂಚೋಳಿಯ ಠಾಣೆಯಂಥ ಹಳ್ಳಿಗಾಡಿನ ಠಾಣೆಗಳಿಗೆ ಚುನಾವಣೆ, ಹಬ್ಬ, ನೆರೆ, ಬೆಂಕಿ ಮುಂತಾದ ಸಮಯಗಳಲ್ಲಿ ಇಂಥವರ ಸಹಾಯವು ಬೇಕಾಗುತ್ತದೆ. ಇವರಿಗೆ ಶಾಲು ಹೊದಿಸಿ ಹಾರ ಹಾಕುವ ವಾಡಿಕೆಯು ನಮ್ಮಲ್ಲಿ ಉಂಟು, ಅದು ಒಳ್ಳೇದೇ. ಆದರೂ ಹಾರ ಹಾಕುವವನು ತನ್ನನ್ನು ತಾನೇ ಒಂದು ಮಾತು ಕೇಳಿಕೊಳ್ಳತಕ್ಕದ್ದು: ನಾವು ಮಾನಕೊಡುವದು ಆ ಮನುಷ್ಯನ ಕೈಯಲ್ಲಿರುವ ಕೋಲಿಗೋ, ಅವನ ಮನಸ್ಸಿಗೋ?

ಈ ದಳವು ಹುಟ್ಟಿದ್ದು 1946ನೇ ದಶಂಬರ 6ರಂದು ಮುಂಬಯಿಯಲ್ಲಿ. ಆಗ ಅಲ್ಲಿ ಮತೀಯ ಗಲಭೆಗಳು ಎದ್ದಿದ್ದದರಿಂದ, ಪೊಲೀಸರಿಗೆ ನೆರವಾಗುವದಕ್ಕೆ ಊರವರನ್ನೇ ಕೂಡಿಸಬೇಕಾಯಿತು. ನಮ್ಮ ರಾಜ್ಯದಲ್ಲಿ 1962ರ ಕಾನೂನಿನ ಮೇರೆಗೆ ಇದು ನಡೆಯುತ್ತಾ ಇದೆ. ಕೆಲಸಕ್ಕೆ ಕರೆಯಲ್ಪಟ್ಟಾಗ ಗೃಹರಕ್ಷಕನಿಗೆ ಪೊಲೀಸಿನವನ ಅಧಿಕಾರವು ಉಂಟು. ಕೆಲಸವು ತೀರಿದ ಮೇಲೆ ಅವನು ನಮ್ಮ ಹಾಗೆಯೇ ಒಬ್ಬ ಊರವನು. ಅಧಿಕಾರವು ಕರೆಯೊಂದಿಗೆ ಬಂದು ಕರೆಯೊಂದಿಗೆ ಹೋಗುವದೇ ಈ ಏರ್ಪಾಡಿನ ಜೀವಾಳವು.

ಇದನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವಿದೆ. ಸ್ವಯಂಸೇವೆ ಎಂಬ ಹೆಸರಿನ ಹಿಂದೆ ಎರಡು ಅನ್ಯಾಯಗಳು ಅಡಗಿಕೊಳ್ಳಬಹುದು. ನಮ್ಮ ಬೀದರ ಸೀಮೆಯು ಎರಡನ್ನೂ ಕಂಡಿದೆ.

ಮೊದಲನೆಯದು, ಅಂಕೆಯಿಲ್ಲದ ಅಧಿಕಾರವು. ರಜಾಕಾರ ಎಂಬ ಮಾತಿಗೆ ಸ್ವಯಂಸೇವಕನೆಂದೇ ಅರ್ಥ. ನಿಜಾಮರ ರಾಜ್ಯದ ಕಡೆಯ ದಿನಗಳಲ್ಲಿ ಆ ಹೆಸರಿನವರು ಆಯುಧಗಳನ್ನು ಹಿಡಿದು ಹಳ್ಳಿಗಳ ಮೇಲೆ ಬಿದ್ದರು. 1948ನೇ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಬಹು ಜನರು ಕೊಲ್ಲಲ್ಪಟ್ಟರು. ಸಪ್ಟಂಬರದಲ್ಲಿ ಭಾರತದ ಸೈನ್ಯವು ಬಂದು ಆ ಆಳಿಕೆಯು ಮುಗಿಯಿತು. ಆದರೆ ಆ ಬಳಿಕ ಸೇಡಿನವರು ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಬಿದ್ದರು. ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯು, ಬಹಳ ಹಾನಿಗೊಂಡ 4 ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಈ ಎರಡು ಪಕ್ಷದವರೂ ತಮ್ಮವರನ್ನು ಕಾಯುತ್ತೇವೆಂದೇ ಹೇಳಿಕೊಂಡಿರಬಹುದು. ಆದಕಾರಣ ತಾನಾಗಿಯೇ ಮುಂದೆ ಬಂದನೆಂಬದೊಂದರಿಂದಲೇ ಒಬ್ಬನು ಮಾನಕ್ಕೆ ಯೋಗ್ಯನಾಗುವದಿಲ್ಲ. ಯಾರ ಅಪ್ಪಣೆಯಿಂದ ಬಂದನು, ಯಾರಿಗೆ ಲೆಕ್ಕ ಒಪ್ಪಿಸುವನು, ಯಾರ ಬಾಗಲನ್ನು ಕಾದನು, ಇವುಗಳನ್ನು ಕೇಳಬೇಕು. ತನ್ನ ಕೇರಿಯನ್ನು ಮಾತ್ರ ಕಾಯುವವನು ಕಾವಲುಗಾರನಲ್ಲ.

ಎರಡನೆಯದು, ಕೂಲಿಯಿಲ್ಲದ ಚಾಕರಿಯು. ಪೂರ್ವದಲ್ಲಿ ಊರಿನ ಕಾವಲು ಪೊಲೀಸ ಪಾಟೀಲನ ಕೈಕೆಳಗೆ ತಳವಾರನ ಪಾಲಿಗೆ ಇತ್ತು. ತಂದೆಯು ಕಾದದ್ದನ್ನು ಮಗನು ಕಾಯಬೇಕು. ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳನ್ನು ಒಯ್ಯಬೇಕು. ಅಮಲದಾರನು ಬಂದರೆ ಗಂಟು ಹೊರುವದೂ ಸೌದೆ ತರುವದೂ ಬಿಟ್ಟಿಯಾಗಿ ಕೆಳಗಿನ ಕೇರಿಯವರ ಮೇಲೆ ಬೀಳುತ್ತಿತ್ತು. ಒಲ್ಲೆನೆಂದು ಹೇಳುವ ಬಾಯಿ ಅವರಿಗಿರಲಿಲ್ಲ. ಒಲ್ಲೆನೆನ್ನಲಾರದವನ ಕೆಲಸವು ಸೇವೆ ಎನಿಸಿಕೊಳ್ಳುವದು ಹೇಗೆ? ವಂಶದಿಂದ ಬರುವ ಗ್ರಾಮದ ಹುದ್ದೆಗಳನ್ನು ತೆಗೆದುಹಾಕುವ ಕಾನೂನು 1961ರಲ್ಲಿ ಆಯಿತು. ಆದರೆ ಬಡವನ ದಿನವನ್ನು ಪುಕ್ಕಟೆ ಎಂದೆಣಿಸುವ ಬುದ್ಧಿಯು ಕಾನೂನಿನಿಂದ ತಾನಾಗಿ ಹೋಗುವದಿಲ್ಲ.

ಗೃಹರಕ್ಷಕನಿಗೆ ತಿಂಗಳ ಸಂಬಳವಿಲ್ಲ. ಕರೆದ ದಿನಗಳಿಗೆ ಮಾತ್ರ ಭತ್ಯೆಯುಂಟು. 2015ರಲ್ಲಿ ದೇಶದ ಸುಪ್ರೀಂ ಕೋರ್ಟು, ಇವರು ಸ್ವಯಂಸೇವಕರಾದದರಿಂದ ಖಾಯಂ ನೌಕರಿಯನ್ನು ಕೇಳಲಾರರೆಂದು ತೀರ್ಪು ಕೊಟ್ಟಿತು. ಆದರೆ 30 ದಿನದ ಭತ್ಯೆಯು ಪೊಲೀಸ ಸಿಪಾಯಿಯ ಕನಿಷ್ಠ ಸಂಬಳಕ್ಕೆ ಕಡಿಮೆಯಾಗಬಾರದೆಂದು ಅದೇ ತೀರ್ಪಿನಲ್ಲಿ ಹೇಳಿತು. ಕೂಲಿಯನ್ನು ತೆಗೆದುಕೊಂಡ ಮೇಲೆ ಸ್ವಯಂಸೇವೆ ಎಲ್ಲಿ ಉಳಿಯಿತೆಂದು ಕೆಲವರು ಕೇಳಬಹುದು. ಪ್ರಿಯರೇ, ಅವನು ನಮಗೆ ಕೊಡುವದು ತನ್ನ ಮನಸ್ಸನ್ನು, ತನ್ನ ನಿದ್ರೆಯನ್ನು, ಒಮ್ಮೊಮ್ಮೆ ತನ್ನ ಪ್ರಾಣವನ್ನು. ಮಕ್ಕಳ ರೊಟ್ಟಿಯನ್ನೂ ಅವನು ಕೊಡಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಉಳ್ಳವನು ಒಂದು ದಿನವನ್ನು ಬಿಟ್ಟುಕೊಡಬಲ್ಲನು. ಕೂಲಿಯವನು ಬಿಟ್ಟುಕೊಟ್ಟರೆ ಒಲೆ ಉರಿಯುವದಿಲ್ಲ. ಭತ್ಯೆ ಇಲ್ಲದಿದ್ದರೆ ಊರ ಕಾವಲಿನ ಗೌರವವು ಉಳ್ಳವರಿಗೇ ಸೇರಿಹೋಗುವದು.

ಹೀಗಿರಲಾಗಿ ಹಾರವು ಕಡೆಯದು, ಮೊದಲನೆಯದಲ್ಲ. ಸ್ವಾತಂತ್ರ್ಯ ದಿನದಲ್ಲಿಯೂ ಗಣರಾಜ್ಯ ದಿನದಲ್ಲಿಯೂ ರಾಷ್ಟ್ರಪತಿಗಳ ಪದಕಗಳು ಕೆಲವು ಗೃಹರಕ್ಷಕರಿಗೆ ದೊರೆಯುತ್ತವೆ. ನಮ್ಮ ಊರವನಿಗೆ ಅದು ದೊರೆಯಲಿ, ದೊರೆಯದೆ ಇರಲಿ, ನಾವು ಕೊಡಬಲ್ಲ ಮಾನವು ಬೇರೆ ಉಂಟು. ಅವನು ಬಂದೋಬಸ್ತಿಗೆ ಹೋದ ದಿವಸ ಅವನ ದನಗಳಿಗೆ ನೀರು ತೋರಿಸೋಣ, ಅವನ ತೊಗರಿಯನ್ನು ಕಾಯೋಣ. ಭತ್ಯೆಯು ತಡವಾದರೆ ಅವನ ಪರವಾಗಿ ಅರ್ಜಿ ಬರೆಯೋಣ. ನಮ್ಮ ಸಂಬಂಧಿಕನೆಂದು ಅವನಿಂದ ಸಡಿಲಿಕೆಯನ್ನು ಕೇಳದೆ ಇರೋಣ. ನಮ್ಮ ಜಗಳಕ್ಕೆ ಅವನ ಕೋಲನ್ನು ಕರೆಯದೆ ಇರೋಣ. ಅವನು ಯಾರನ್ನಾದರೂ ಅನ್ಯಾಯವಾಗಿ ಹೊಡೆದರೆ, ನಮ್ಮವನಾದರೂ ಮುಚ್ಚದೆ ಠಾಣೆಯಲ್ಲಿ ಹೇಳೋಣ. ಅದೂ ಅವನ ಅಂಗಿಗೆ ಮಾಡುವ ಮರ್ಯಾದೆಯೇ. ಅವನು ಬರುವದನ್ನು ಕಂಡು ಊರಲ್ಲಿ ಎಲ್ಲರಿಗಿಂತ ದಿಕ್ಕಿಲ್ಲದ ಮುದುಕಿಯು ಬಾಗಲನ್ನು ಹಾಕಿಕೊಳ್ಳದೆ ಕಟ್ಟೆಯ ಮೇಲೆ ನಿರ್ಭಯವಾಗಿ ಕೂತಿದ್ದರೆ, ಆ ಮನುಷ್ಯನಿಗೆ ಶಾಲನ್ನು ಹೊದಿಸಬಹುದೆಂದು ತಿಳಿಯೋಣ.