ಕರು ಕೇಳಿದ ಪ್ರಶ್ನೆ

ತಲಘಟ್ಟಪುರದ ಮಕ್ಕಳಿಗೆ ಕಾಡುಪ್ರಾಣಿಯ ಭಯ ಹೊಸದಲ್ಲ. ಪಕ್ಕದ ತುರಹಳ್ಳಿ ಕಾಡಿನಲ್ಲಿ ಚಿರತೆ ಕಾಣಿಸಿತೆಂಬ ಸುದ್ದಿ ಬಂದರೆ ಅಪಾರ್ಟ್‌ಮೆಂಟಿನ ಅಂಗಳ ಸಂಜೆಗೇ ಖಾಲಿಯಾಗುತ್ತದೆ. ಆದರೂ ಪುಣ್ಯಕೋಟಿಯ ಕಥೆ ಹೇಳುವಾಗ ಕೆಲವು ಹೆತ್ತವರು ಕೊನೆಯನ್ನು ತಿದ್ದುತ್ತಾರೆ. ಅವರ ಕಥೆಯಲ್ಲಿ ಹುಲಿ ಸಾಯುವುದಿಲ್ಲ, ಹಸುವಿನ ಗೆಳೆಯನಾಗುತ್ತದೆ. ಮಗು ಹೆದರದಿರಲಿ ಎಂಬ ಪ್ರೀತಿ ಅದು. ಆದರೆ ಮಗುವಿಗೆ ಹೆದರಿಕೆ ಕಥೆಯಿಂದಲೇ ಬರಬೇಕಿಲ್ಲ. ಅಮ್ಮ ಆಫೀಸಿನಿಂದ ತಡವಾಗಿ ಬಂದ ದಿನವೇ ಅದು ಬಂದಿರುತ್ತದೆ.

ಪುಣ್ಯಕೋಟಿಯ ಕಥೆ ಹೇಳುವ ಗೋವಿನ ಹಾಡಿನಲ್ಲಿ ಎಲ್ಲಕ್ಕಿಂತ ಕರಾಳವಾದ ಭಾಗ ಹುಲಿಯದಲ್ಲ, ದೊಡ್ಡಿಯದು. ಮರಳಿ ಬರುವೆನೆಂದು ಹುಲಿಗೆ ಮಾತು ಕೊಟ್ಟು ಬಂದ ತಾಯಿ ಕರುವಿಗೆ ಕೊನೆಯ ಸಲ ಹಾಲೂಡಿಸುತ್ತಾಳೆ. ಇನ್ನು ಯಾರ ಹಾಲು ಕುಡಿಯಲಿ, ಯಾರ ಬಳಿ ಮಲಗಲಿ ಎಂದು ಕರು ಕೇಳುತ್ತದೆ. ಆಕೆ ಉಳಿದ ಹಸುಗಳತ್ತ ತಿರುಗಿ, ಈ ತಬ್ಬಲಿ ಎದುರಿಗೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ಸಾವೆಂದರೇನೆಂದು ತಿಳಿಯದ ಮಗುವಿಗೂ ಹಾಲು, ಹಾಸಿಗೆ, ಕೊಂಬು, ಒದೆತ ತಿಳಿಯುತ್ತವೆ. ತಾಯಿಯಿಲ್ಲದ ಮೇಲೂ ಬದುಕಿದೆ, ಅದು ಇತರರ ನಡುವೆ ನಡೆಯಬೇಕು ಎಂಬುದೂ ಅದರ ಕಿವಿಗೆ ಬೀಳುತ್ತದೆ. ಕೊನೆ ತಿದ್ದುವವರು ಈ ಭಾಗವನ್ನೂ ಅವಸರದಲ್ಲಿ ದಾಟಿಬಿಡುತ್ತಾರೆ. ನನಗೆ ನೋವಾಗುವುದು ಅಲ್ಲೇ.

ಕೇಳಿ ಅತ್ತ ಮಗುವೇ ಮರುದಿನ ಅದೇ ಕಥೆ ಬೇಕೆನ್ನುತ್ತದೆ. ನಿಜವಾದ ದುಃಖವನ್ನು ಯಾರೂ ಮತ್ತೊಮ್ಮೆ ಬೇಡುವುದಿಲ್ಲವಲ್ಲ! ಈ ಒಗಟಿಗೆ ನಮ್ಮ ಕಾವ್ಯಮೀಮಾಂಸೆ ಕೊಡುವ ಉತ್ತರ ಸಾಧಾರಣೀಕರಣ. ಭಟ್ಟನಾಯಕ ಮುಂದಿಟ್ಟು ಅಭಿನವಗುಪ್ತ ಬೆಳೆಸಿದ ವಿಚಾರವಿದು. ಕಲೆಯಲ್ಲಿ ಶೋಕವು ‘ನನ್ನದು’, ‘ಅವನದು’ ಎಂಬ ಕಟ್ಟು ಕಳಚಿಕೊಳ್ಳುತ್ತದೆ. ನನ್ನದೇ ಆದ ಶೋಕ ಕಂಗೆಡಿಸುತ್ತದೆ. ಪೂರ್ತಿ ಪರರದಾದರೆ ತಟ್ಟುವುದೇ ಇಲ್ಲ. ಎರಡೂ ಅಲ್ಲದ ಶೋಕವನ್ನು ಮನಸ್ಸು ಸವಿಯಬಲ್ಲದು, ಅದೇ ಕರುಣರಸ. ಮಗು ಅಪ್ಪನ ತೊಡೆಯ ಮೇಲೆ ಕೂತೇ ತಬ್ಬಲಿತನವನ್ನು ಕಂಡು ಬರುತ್ತದೆ. ಕಥೆಗಳನ್ನು ಸೋಸಿಯೇ ಮಕ್ಕಳಿಗೆ ಕೊಡಬೇಕೆಂದ ಪ್ಲೇಟೋ ಕಥೆಯ ಈ ಕೆಲಸಕ್ಕೆ ಬೆಲೆ ಕಟ್ಟಲಿಲ್ಲ ಎಂದೇ ನನ್ನ ಭಾವನೆ.

ಮನೋವಿಶ್ಲೇಷಕ ಬ್ರೂನೋ ಬೆಟಲ್‌ಹೈಮ್ 1976ರ ತನ್ನ ಪುಸ್ತಕದಲ್ಲಿ ಭಯದ ಕಥೆಗಳ ಪರ ವಾದಿಸಿದ, ಆದರೆ ಕೊನೆಗೆ ಸಮಾಧಾನ ಇರಲೇಬೇಕೆಂದ. ಎಳೆಯರ ಮಟ್ಟಿಗೆ ಒಪ್ಪೋಣ. ಪುಣ್ಯಕೋಟಿ ಕರುವಿನ ಬಳಿಗೆ ಮರಳುತ್ತಾಳೆ. ‘ಕೆರೆಗೆ ಹಾರ’ ಎಂಬ ಜನಪದ ಹಾಡಿನಲ್ಲಿ ಹಾಗಿಲ್ಲ. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವವರು ಮನೆಯ ಹಿರಿಯರೇ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಗ್ರಿಮ್ ಸೋದರರು 1812ರಲ್ಲಿ ಹಿಮಬಿಳುಪಿನ ಹುಡುಗಿ ‘ಸ್ನೋ ವೈಟ್’ಳ ಹೆತ್ತ ತಾಯಿಯನ್ನೇ ಕೇಡಿಯಾಗಿ ಅಚ್ಚುಹಾಕಿ, 1819ರಲ್ಲಿ ಅವಳನ್ನು ಮಲತಾಯಿಯಾಗಿಸಿದರು. ನಮ್ಮ ಹಾಡುಗಾರ್ತಿಯರು ಅಂಥ ತೇಪೆ ಹಾಕಲಿಲ್ಲ.

ಹತ್ತು ದಾಟಿದ ಮಕ್ಕಳಿಗೆ ಭಾಗೀರಥಿಯ ಕಥೆಯನ್ನು ಹೇಳಲೇಬೇಕು. ಕಾಡಿನ ಹುಲಿಗಿಂತ ಮನೆಯೊಳಗಿನ ಅನ್ಯಾಯವನ್ನು ಎದುರಿಸುವುದು ಕಷ್ಟ, ಅದಕ್ಕೆ ಹೆಸರಿಡುವುದು ಇನ್ನೂ ಕಷ್ಟ. ಭಾಗೀರಥಿ ತವರಿಗೆ ಹೋದರೂ ಹೆತ್ತವರಿಗೆ ನಿಜ ಹೇಳುವುದಿಲ್ಲ, ಗೆಳತಿಗಷ್ಟೇ ಹೇಳುತ್ತಾಳೆ, ಗೆಳತಿಯೂ ತಡೆಯುವುದಿಲ್ಲ. ಅವಳು ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಮಗು ಕೇಳಿದರೆ, ಕಥೆಯನ್ನು ಅಲ್ಲೇ ನಿಲ್ಲಿಸಿ, ಎಷ್ಟು ಹೊತ್ತಾದರೂ ಸರಿ, ಆ ಮಾತನ್ನು ಮುಂದುವರಿಸಿ.